ಟೆಲಿಕಾಂ ಲೈನ್‌ಗಳ ಡೇಟಾ ವೇಗ: ಬಿಟ್, ಬೈಟ್, ಇ1, ಎಸ್‌ಟಿಎಂ ಲೆಕ್ಕಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲೈನಿನ ವೇಗ ಇಷ್ಟು ಎಂದು ಯಾರಾದರೂ ಒಂದು ಅಂಕಿ ಹೇಳಿದರೆ, ಲೆಕ್ಕಕ್ಕೆ ಕೂರುವ ಮುಂಚೆ ಮೂರು ವಿಷಯ ಕೇಳಿಕೊಳ್ಳಬೇಕು. ಎಣಿಸಿರುವುದು ಬಿಟ್‌ಗಳನ್ನೋ ಬೈಟ್‌ಗಳನ್ನೋ? ಕಿಲೋ, ಮೆಗಾ ಎಂದಿರುವುದು ಸಾವಿರದ ಲೆಕ್ಕದಲ್ಲೋ 1024ರ ಲೆಕ್ಕದಲ್ಲೋ? ಅಳೆದಿರುವುದು ತಂತಿಯ ಮೇಲೋ, ಫೈಲ್ ಬಂದು ಇಳಿದ ಜಾಗದಲ್ಲೋ? ಇವಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಬರೀ ಗುಣಾಕಾರ, ಭಾಗಾಕಾರ. ಉತ್ತರ ಸಿಗದಿದ್ದರೆ ಎಷ್ಟು ಒಳ್ಳೆಯ ಕ್ಯಾಲ್ಕುಲೇಟರ್ ಇದ್ದರೂ ಪ್ರಯೋಜನವಿಲ್ಲ. ಮನೆಗೆ ಫೈಬರ್ ಹಾಕಿಸಿಕೊಂಡವರು, ಆಫೀಸಿಗೆ ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಬಾಡಿಗೆ ಲೈನ್) ತೆಗೆದುಕೊಳ್ಳಲು ಹೊರಟವರು, ಡಿಪ್ಲೊಮಾ ಓದುತ್ತಿರುವವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: 100 ಎಂಬಿಪಿಎಸ್ ಕನೆಕ್ಷನ್ ತಗೊಂಡಿದ್ದೀನಿ. ಡೌನ್‌ಲೋಡ್ ಆಗುವಾಗ 11 ಎಂಬಿ ಅಂತ ತೋರಿಸುತ್ತೆ. ಉಳಿದ 89 ಎಲ್ಲಿ ಹೋಯ್ತು?

ಎಲ್ಲಿಗೂ ಹೋಗಿಲ್ಲ. ಕಂಪನಿಯವರು ಹೇಳಿದ್ದು ಸೆಕೆಂಡಿಗೆ 100 ಮೆಗಾಬಿಟ್. ನಿಮ್ಮ ಕಂಪ್ಯೂಟರ್ ತೋರಿಸುತ್ತಿರುವುದು ಸೆಕೆಂಡಿಗೆ 11 ಮೆಗಾಬೈಟ್. 8 ಬಿಟ್ ಸೇರಿದರೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ಅದರಲ್ಲಿ ಪ್ರತಿ ಪ್ಯಾಕೆಟ್ಟಿನ (ಡೇಟಾ ಸಾಗುವ ಒಂದೊಂದು ತುಂಡಿನ) ವಿಳಾಸ, ತಪಾಸಣೆ ಇತ್ಯಾದಿಗೆ ನೂರಕ್ಕೆ ಐದರಷ್ಟು ಖರ್ಚಾಗುತ್ತದೆ. ಮೇಲಾಗಿ ವಿಂಡೋಸ್ ಮೆಗಾಬೈಟನ್ನು ಎಣಿಸುವ ರೀತಿಯೇ ಬೇರೆ. ಎರಡನ್ನೂ ಕಳೆದರೆ 11.3ರ ಆಸುಪಾಸಿಗೆ ಬಂದು ನಿಲ್ಲುತ್ತದೆ. 11 ಕಾಣುತ್ತಿದ್ದರೆ ಲೈನ್ ಸರಿಯಾಗಿಯೇ ಇದೆ, ದೂರು ಕೊಡಬೇಕಾಗಿಲ್ಲ.

ಕಾಗದ ಪೆನ್ನು ಇಲ್ಲದೆ ಅಂದಾಜು ಮಾಡಬೇಕಾದರೆ 8ರ ಬದಲು 9ರಿಂದ ಭಾಗಿಸಿ. 50ಕ್ಕೆ ಐದೂವರೆ, 200ಕ್ಕೆ 22, 300ಕ್ಕೆ 33. ಪರದೆಯ ಮೇಲೆ ನಿಜವಾಗಿ ಕಾಣುವ ಅಂಕಿಗೆ ಇದು ತೀರಾ ಹತ್ತಿರ ಬರುತ್ತದೆ, ಏಕೆಂದರೆ ಮೇಲೆ ಹೇಳಿದ ಎರಡೂ ಕಡಿತಗಳು ಆ ಒಂದು ಹೆಚ್ಚುವರಿ ಭಾಗದಲ್ಲಿ ಸೇರಿಹೋಗುತ್ತವೆ.

ಪ್ರಶ್ನೆ: ಬರೀ ‘ಎಂಬಿ’ ಅಂತ ಬರೆದಿದ್ದರೆ ಬಿಟ್ಟೋ ಬೈಟೋ ಹೇಗೆ ಗೊತ್ತಾಗಬೇಕು?

ಇಂಗ್ಲಿಷ್ ಲಿಪಿಯಲ್ಲಿ ಬಿಟ್‌ಗೆ ಚಿಕ್ಕ ‘ಬಿ’, ಬೈಟ್‌ಗೆ ದೊಡ್ಡ ‘ಬಿ’ ಬಳಸುವುದು ರೂಢಿ. ಕನ್ನಡದಲ್ಲಿ ಬರೆದಾಗ ಆ ಗುರುತು ಅಳಿಸಿಹೋಗುತ್ತದೆ, ಎರಡೂ ‘ಎಂಬಿ’ಯೇ. ಆದ್ದರಿಂದ ಕನ್ನಡದಲ್ಲಿ ಬರೆಯುವವರು ಮೆಗಾಬಿಟ್, ಮೆಗಾಬೈಟ್ ಎಂದು ಬಿಡಿಸಿಯೇ ಬರೆಯಬೇಕು ಎಂಬುದು ನನ್ನ ಒತ್ತಾಯ. ಎರಡಕ್ಷರ ಉಳಿಸಲು ಹೋಗಿ ಎಂಟು ಪಟ್ಟು ತಪ್ಪು ಮಾಡುವುದು ಬೇಡ. ಈ ಪುಟದಲ್ಲಿ ಹಾಗೆಯೇ ಬರೆದಿದ್ದೇನೆ.

ಬರೆದವರು ಬಿಡಿಸಿ ಬರೆಯದಿದ್ದರೆ ಸಂದರ್ಭವೇ ಗತಿ. ಲೈನ್ ಮಾರುವವರು, ರೌಟರ್, ಮೋಡೆಮ್, ಸ್ಪೀಡ್ ಟೆಸ್ಟ್ ಇವೆಲ್ಲ ಬಿಟ್‌ನಲ್ಲಿ ಮಾತಾಡುತ್ತವೆ. ಫೈಲಿನ ಗಾತ್ರ, ಡಿಸ್ಕ್, ದಿನದ ಡೇಟಾ ಮಿತಿ ಇವೆಲ್ಲ ಬೈಟ್‌ನಲ್ಲಿ. ಟೆಲಿಕಾಂ ದಾಖಲೆಗಳಲ್ಲಿ ‘ಆಕ್ಟೆಟ್’ ಎಂಬ ಪದ ಕಂಡರೆ ಅದೂ 8 ಬಿಟ್‌ಗಳ ಗುಂಪೇ.

ಪ್ರಶ್ನೆ: ಕಿಲೋ ಎಂದರೆ 1000ವಾ, 1024ಆ?

ಟೆಲಿಕಾಂ ಲೈನಿನ ವೇಗದಲ್ಲಿ ಯಾವಾಗಲೂ 1000. ಮೆಗಾ ಎಂದರೆ 10 ಲಕ್ಷ, ಗಿಗಾ ಎಂದರೆ 100 ಕೋಟಿ. 64 ಕಿಲೋಬಿಟ್ ಲೈನಿನಲ್ಲಿ ಸೆಕೆಂಡಿಗೆ ಹರಿಯುವುದು 64,000 ಬಿಟ್; 65,536 ಅಲ್ಲ.

1024ರ ಲೆಕ್ಕ ಬಂದದ್ದು ಕಂಪ್ಯೂಟರಿನ ಮೆಮೊರಿಯಿಂದ. ಅಲ್ಲಿ ಎಲ್ಲವೂ ಎರಡರ ಘಾತ. 2ರ ಹತ್ತನೆಯ ಘಾತ 1024, ಸಾವಿರಕ್ಕೆ ಹತ್ತಿರ, ಹಾಗಾಗಿ ಅದನ್ನೂ ಕಿಲೋ ಎಂದು ಕರೆದುಬಿಟ್ಟರು. ಈ ಗೊಂದಲ ಬಗೆಹರಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಒಪ್ಪಿಕೊಂಡಿತು. ಒಂದು ಮೆಗಾಬೈಟ್ 10,00,000 ಬೈಟ್. ಒಂದು ಮೆಬಿಬೈಟ್ 10,48,576 ಬೈಟ್. ವಿಂಡೋಸ್ ಇವತ್ತಿಗೂ ಎಣಿಸುವುದು ಮೆಬಿಬೈಟ್, ಪಕ್ಕದಲ್ಲಿ ಬರೆಯುವುದು ಮೆಗಾಬೈಟ್. ಆಪಲ್ ಕಂಪ್ಯೂಟರ್‌ಗಳು 2009ರಿಂದ ಸಾವಿರದ ಲೆಕ್ಕಕ್ಕೆ ಬಂದಿವೆ. ಹಾಗಾಗಿ ಒಂದೇ ಫೈಲ್ ಎರಡು ಕಂಪ್ಯೂಟರಿನಲ್ಲಿ ಎರಡು ಗಾತ್ರ ತೋರಿಸಬಹುದು.

ಅಂತರ ಮೇಲೆ ಹೋದಷ್ಟೂ ಹಿಗ್ಗುತ್ತದೆ: ಕಿಲೋದಲ್ಲಿ ಶೇ 2.4, ಮೆಗಾದಲ್ಲಿ ಶೇ 4.9, ಗಿಗಾದಲ್ಲಿ ಶೇ 7.4, ಟೆರಾದಲ್ಲಿ ಸುಮಾರು ಶೇ 10. 64 ಕಿಲೋಬಿಟ್ ಕಾಲದಲ್ಲಿ ಇದನ್ನು ಕಡೆಗಣಿಸಬಹುದಿತ್ತು. ಟೆರಾಬೈಟ್‌ಗಳಲ್ಲಿ ಬಿಲ್ ಬರುವ ಈಗ ಆಗುವುದಿಲ್ಲ.

ಪ್ರಶ್ನೆ: ಹಾಗಿದ್ದರೆ ಇ1 ಲೈನ್ 2048 ಕಿಲೋಬಿಟ್ ಅನ್ನುತ್ತಾರಲ್ಲ, ಅದು 2 × 1024 ತಾನೇ?

ನೋಡಲು ಹಾಗೆ ಕಾಣುತ್ತದೆ, ಆದರೆ ಅಲ್ಲ. ಇ1 ಎಂದರೆ ಹಲವು ಟೆಲಿಫೋನ್ ಕರೆಗಳನ್ನು ಒಟ್ಟಿಗೆ ಹೊರುವ ಡಿಜಿಟಲ್ ಲೈನ್. ಇಲ್ಲಿ ಎಡವುವವರು ಬಹಳ ಮಂದಿ. ಇ1ರ ವೇಗ ಸೆಕೆಂಡಿಗೆ 20,48,000 ಬಿಟ್, ಅಂದರೆ 2.048 ಮೆಗಾಬಿಟ್. 2048 ಬಂದದ್ದು 32 × 64ರಿಂದ. ಆ 64 ಬಂದದ್ದು ಮನುಷ್ಯರ ದನಿಯಿಂದ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟೆಲಿಕಾಂ ಲೈನ್‌ಗಳ ವಿಚಿತ್ರ ಅಂಕಿಗಳೆಲ್ಲ ಇಲ್ಲಿಂದಲೇ ಹುಟ್ಟಿವೆ.

ಟೆಲಿಫೋನಿನಲ್ಲಿ ಮಾತು ಅರ್ಥವಾಗಲು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಸಾಕು. ಸ್ವಲ್ಪ ಜಾಗ ಬಿಟ್ಟು 4,000 ಎಂದು ಇಟ್ಟುಕೊಂಡರು. ಒಂದು ಅಲೆಯನ್ನು ಅಂಕಿಗಳಾಗಿ ಬದಲಿಸಿ ಮತ್ತೆ ಅಲೆಯಾಗಿ ಪಡೆಯಬೇಕಾದರೆ ಅದರ ಗರಿಷ್ಠ ಆವರ್ತನದ ಎರಡು ಪಟ್ಟು ಸಲ ಮಾದರಿ ತೆಗೆಯಬೇಕು. ಅಂದರೆ ಸೆಕೆಂಡಿಗೆ 8,000 ಸಲ, ಅಥವಾ 125 ಮೈಕ್ರೋಸೆಕೆಂಡಿಗೆ ಒಮ್ಮೆ. ಒಂದೊಂದು ಮಾದರಿಯನ್ನೂ 8 ಬಿಟ್‌ನಲ್ಲಿ ಬರೆದರೆ 8 × 8,000 = 64,000 ಬಿಟ್. ಒಂದು ಕರೆಗೆ 64 ಕಿಲೋಬಿಟ್ ಎಂಬ ಲೆಕ್ಕ ಬಂದದ್ದು ಹೀಗೆ. ಮಾತನ್ನು ಅಂಕಿಗಳಾಗಿ ಕಳಿಸುವ ಈ ಪಿಸಿಎಂ ವಿಧಾನವನ್ನು ಅಲೆಕ್ ರೀವ್ಸ್ ಎಂಬ ಎಂಜಿನಿಯರ್ ಯೋಚಿಸಿದ್ದು 1937ರಲ್ಲಿ. ಆಗ ಅದನ್ನು ಅಗ್ಗವಾಗಿ ಕಟ್ಟಲು ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ.

ಇಂಥ 32 ದಾರಿಗಳನ್ನು ಒಂದೇ ಲೈನಿನ ಮೇಲೆ ಸರದಿಯಲ್ಲಿ ಕಳಿಸಿದರೆ ಇ1. ಪ್ರತಿ 125 ಮೈಕ್ರೋಸೆಕೆಂಡಿಗೆ 32 × 8 = 256 ಬಿಟ್‌ಗಳ ಒಂದು ಫ್ರೇಮ್ ಹೊರಡುತ್ತದೆ. ಫ್ರೇಮಿನಲ್ಲಿ ಒಂದೊಂದು ದಾರಿಯ ಪಾಲಿನ 8 ಬಿಟ್ ಜಾಗವೇ ಸ್ಲಾಟ್. ಸೊನ್ನೆಯ ಸ್ಲಾಟ್ ಫ್ರೇಮ್ ಎಲ್ಲಿ ಶುರುವಾಯಿತು ಎಂದು ತಿಳಿಸಲು, 16ನೆಯದು ಸಿಗ್ನಲಿಂಗಿಗೆ, ಅಂದರೆ ಕರೆ ಜೋಡಿಸುವ, ಕಡಿಯುವ ಸೂಚನೆಗಳಿಗೆ. ಉಳಿದ 30ರಲ್ಲಿ ಮಾತು. ಕಚೇರಿಗಳ ಫೋನ್ ವ್ಯವಸ್ಥೆಗೆ ಬರುವ, ಪಿಆರ್‌ಐ ಎಂಬ ಇ1 ಲೈನಿನಲ್ಲಿ 30 ಕರೆಗಳು ಮಾತ್ರ ಒಟ್ಟಿಗೆ ನಡೆಯುವುದು ಇದರಿಂದಲೇ. ನಮ್ಮ ಎಕ್ಸ್‌ಚೇಂಜ್‌ಗಳಲ್ಲಿ ಇದನ್ನು ಬಾಯಿಮಾತಿಗೆ ‘2 ಎಂಬಿ’ ಎನ್ನುತ್ತಾರೆ. ಮಾತಿಗೆ ಅದು ಸರಿ, ಲೆಕ್ಕಕ್ಕೆ 2.048 ಎಂದೇ ಹಿಡಿಯಬೇಕು.

ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್ 1984ರಲ್ಲಿ ಶುರುವಾಗಿ, ಹಳ್ಳಿಗಳಿಗೆಂದೇ ರೂಪಿಸಿದ ತನ್ನ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು ಮೊದಲು ಚಾಲೂ ಮಾಡಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಅಲ್ಲಿಯ ಮಾತೂ ಈ 64 ಕಿಲೋಬಿಟ್‌ಗಳ ಲೆಕ್ಕದಲ್ಲೇ ಹರಿಯಿತು. ಕನ್ನಡದಲ್ಲಿ ಟೆಲಿಕಾಂ ಕಲಿಯುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಲೇಬೇಕು.

ಪ್ರಶ್ನೆ: ಟಿ1 ಎಂದರೆ ಇ1 ಇದ್ದ ಹಾಗೆಯೇ? ಅದು 1.544 ಯಾಕೆ?

ಟಿ1 ಅಮೆರಿಕದ ಲೆಕ್ಕ. ಬೆಲ್ ಕಂಪನಿ 1962ರಲ್ಲಿ ಅದನ್ನು ಬಳಕೆಗೆ ತಂದಿತು. ಅದರಲ್ಲಿ 24 ದಾರಿಗಳು. 24 × 8 = 192, ಫ್ರೇಮಿನ ಗುರುತಿಗೆ ಒಂದು ಬಿಟ್ ಸೇರಿಸಿ 193. ಸೆಕೆಂಡಿಗೆ 8,000 ಫ್ರೇಮ್: 15,44,000 ಬಿಟ್. ಅಮೆರಿಕ, ಕೆನಡಾಗಳಲ್ಲಿ ಟಿ1. ಯುರೋಪ್, ಭಾರತದಲ್ಲಿ ಇ1. ಬೆಂಗಳೂರಿನ ಕಾಲ್ ಸೆಂಟರಿಗೂ ಅಮೆರಿಕದ ಗ್ರಾಹಕರಿಗೂ ನಡುವೆ ಲೈನ್ ಎಳೆದಾಗ ಒಂದು ತುದಿಯಲ್ಲಿ 24ರ ಗುಂಪು, ಇನ್ನೊಂದು ತುದಿಯಲ್ಲಿ 30ರ ಗುಂಪು ಇರುತ್ತಿದ್ದದ್ದು ಇದಕ್ಕೇ. 120 ಕರೆ ಬೇಕಾದರೆ ಅಲ್ಲಿ 5 ಟಿ1, ಇಲ್ಲಿ 4 ಇ1.

ಹಳೆಯ ಟಿ1ಗಳಲ್ಲಿ ಸಿಗ್ನಲಿಂಗಿಗೆ ಬೇರೆ ಸ್ಲಾಟ್ ಇಲ್ಲದ್ದರಿಂದ ಪ್ರತಿ ಆರನೆಯ ಫ್ರೇಮಿನಲ್ಲಿ ಮಾತಿನ ಕೊನೆಯ ಬಿಟ್ಟನ್ನೇ ಎತ್ತಿಕೊಳ್ಳುತ್ತಿದ್ದರು. ಕಿವಿಗೆ ಅದು ಗೊತ್ತಾಗುವುದಿಲ್ಲ, ಡೇಟಾಗೆ ಮಾತ್ರ ಪೆಟ್ಟು. ಆದ್ದರಿಂದ ಡೇಟಾ ಕಳಿಸುವವರು 8ರಲ್ಲಿ 7 ಬಿಟ್ ಮಾತ್ರ ನಂಬುತ್ತಿದ್ದರು: 7 × 8,000 = 56,000. ಅಮೆರಿಕದ ಹಳೆಯ ಕಡತಗಳಲ್ಲಿ 56 ಕಿಲೋಬಿಟ್ ಲೈನ್ ಎಂದು ಕಾಣುವುದು ಇದೇ.

ಪ್ರಶ್ನೆ: ಎಸ್‌ಟಿಎಂ-1 ವೇಗ 155.52 ಮೆಗಾಬಿಟ್. ಇದನ್ನು 2.048ರಿಂದ ಭಾಗಿಸಿದರೆ 75.9 ಬರುತ್ತದೆ. ಆದರೆ 63 ಇ1 ಮಾತ್ರ ಕೊಡುತ್ತಾರೆ. ಯಾಕೆ?

ಎಸ್‌ಟಿಎಂ-1 ಎಂದರೆ ಅನೇಕ ಇ1ಗಳನ್ನು ಒಟ್ಟಿಗೆ ಸಾಗಿಸುವ ದೊಡ್ಡ ಲೈನ್. ಪರೀಕ್ಷೆಗಳಲ್ಲೂ ಟೆಂಡರ್‌ಗಳಲ್ಲೂ ಒಟ್ಟೊಟ್ಟಿಗೇ ತಪ್ಪಾಗುವ ಜಾಗ ಇದು. ಒಂದು ದೊಡ್ಡ ಲೈನಿನ ವೇಗವನ್ನು ಚಿಕ್ಕ ಲೈನಿನ ವೇಗದಿಂದ ಭಾಗಿಸಿದರೆ ಎಷ್ಟು ಹಿಡಿಯುತ್ತವೆ ಎಂಬುದು ಸಿಗುವುದಿಲ್ಲ. ಚಿಕ್ಕವನ್ನು ಒಳಗೆ ಜೋಡಿಸುವ ರೀತಿಯನ್ನು ನೋಡಬೇಕು.

ಎಸ್‌ಟಿಎಂ-1ರ ಫ್ರೇಮ್ 9 ಅಡ್ಡಸಾಲು, 270 ಕಂಬಸಾಲು, ಒಂದೊಂದು ಮನೆಯಲ್ಲೂ ಒಂದು ಬೈಟ್. 9 × 270 × 8 × 8,000 = 15,55,20,000. ಇದರಲ್ಲಿ 9 ಕಂಬಸಾಲುಗಳು ಮೇಲ್ವಿಚಾರಣೆಗೇ ಮೀಸಲು. ಉಳಿದ 261ರಲ್ಲೂ ಒಂದು ಸಾಲು ದಾರಿಯ ಉಸ್ತುವಾರಿಗೆ ಹೋಗುತ್ತದೆ. ಸರಕಿಗೆ ನಿಜವಾಗಿ ಸಿಗುವುದು 260 ಸಾಲು, ಅಂದರೆ 149.76 ಮೆಗಾಬಿಟ್. ಅದರೊಳಗೆ ಇ1ಗಳನ್ನು ಮೂರರ ಗುಂಪು, ಅಂಥ ಏಳು, ಮತ್ತೆ ಅಂಥ ಮೂರು ಎಂದು ಜೋಡಿಸುತ್ತಾರೆ: 3 × 7 × 3 = 63. ಪ್ರತಿ ಇ1ಗೂ ತನ್ನದೇ ಗುರುತು, ಗಡಿಯಾರ ತುಸು ಹೆಚ್ಚುಕಡಿಮೆಯಾದರೆ ಹೊಂದಿಸಿಕೊಳ್ಳಲು ಜಾಗ ಬೇಕು. 63 ಇ1ಗಳ ಒಟ್ಟು 129.024 ಮೆಗಾಬಿಟ್ ಮಾತ್ರ. ಉಳಿದ 26 ಮೆಗಾಬಿಟ್ಟಿಗೂ ಹೆಚ್ಚು ವ್ಯರ್ಥವಲ್ಲ. ನೂರಾರು ಕಿಲೋಮೀಟರ್ ಆಚೆ ಯಾವ ತುಂಡು ಕೆಟ್ಟಿದೆ ಎಂದು ಕೂತಲ್ಲೇ ತಿಳಿಯುವುದು, ಕೇಬಲ್ ತುಂಡಾದರೆ 50 ಮಿಲಿಸೆಕೆಂಡಿನೊಳಗೆ ಇನ್ನೊಂದು ದಾರಿಗೆ ಹಾಯುವುದು ಅದರಲ್ಲಿ ಒಂದಷ್ಟು ಬೈಟ್‌ಗಳ ಕೆಲಸ.

ಇದಕ್ಕೂ ಹಿಂದಿನ ವ್ಯವಸ್ಥೆಯಲ್ಲೂ ಹೀಗೆಯೇ. 4 ಇ1 ಸೇರಿದರೆ 8.192 ಆಗಬೇಕು, ಆದರೆ ಇ2 ಲೈನ್ 8.448. 16 ಇ1 ಸೇರಿದರೆ 32.768, ಆದರೆ ಇ3 34.368. ಒಂದೊಂದು ಎಕ್ಸ್‌ಚೇಂಜಿನ ಗಡಿಯಾರ ಒಂದೊಂದು ಚೂರು ಹಿಂದೆಮುಂದೆ ಓಡುವುದರಿಂದ ನಡುವೆ ತುಂಬಲು ಹೆಚ್ಚುವರಿ ಬಿಟ್‌ಗಳು ಬೇಕಿದ್ದವು.

ಪ್ರಶ್ನೆ: ಎಲ್ಲವನ್ನೂ ಒಂದೇ ಕಡೆ ಕೊಡುತ್ತೀರಾ?

ಸೆಕೆಂಡಿಗೆ ಎಷ್ಟು ಎಂಬ ಲೆಕ್ಕದಲ್ಲಿ:

ಒಂದು ಧ್ವನಿ ದಾರಿ: 64 ಕಿಲೋಬಿಟ್ = 8 ಕಿಲೋಬೈಟ್
ಐಎಸ್‌ಡಿಎನ್ ಬಿಆರ್‌ಐ ಎಂಬ ಎರಡು ಕರೆಯ ಡಿಜಿಟಲ್ ಫೋನ್ ಲೈನ್ (64 + 64 + 16): 144 ಕಿಲೋಬಿಟ್ = 18 ಕಿಲೋಬೈಟ್
ಟಿ1: 1.544 ಮೆಗಾಬಿಟ್ = 193 ಕಿಲೋಬೈಟ್
ಇ1: 2.048 ಮೆಗಾಬಿಟ್ = 256 ಕಿಲೋಬೈಟ್
ಇ3: 34.368 ಮೆಗಾಬಿಟ್ = 4.296 ಮೆಗಾಬೈಟ್
ಟಿ3: 44.736 ಮೆಗಾಬಿಟ್ = 5.592 ಮೆಗಾಬೈಟ್
ಎಸ್‌ಟಿಎಂ-1: 155.52 ಮೆಗಾಬಿಟ್ = 19.44 ಮೆಗಾಬೈಟ್
ಎಸ್‌ಟಿಎಂ-4: 622.08 ಮೆಗಾಬಿಟ್ = 77.76 ಮೆಗಾಬೈಟ್
ಗಿಗಾಬಿಟ್ ಈಥರ್ನೆಟ್ (ಕಂಪ್ಯೂಟರ್ ಜಾಲದ ಕೇಬಲ್): 1,000 ಮೆಗಾಬಿಟ್ = 125 ಮೆಗಾಬೈಟ್
ಎಸ್‌ಟಿಎಂ-16: 2,488.32 ಮೆಗಾಬಿಟ್ = 311.04 ಮೆಗಾಬೈಟ್
ಎಸ್‌ಟಿಎಂ-64: 9,953.28 ಮೆಗಾಬಿಟ್ = 1,244.16 ಮೆಗಾಬೈಟ್

ಬಿಆರ್‌ಐ ಬಿಟ್ಟರೆ ಇವೆಲ್ಲ ತಂತಿಯ ಮೇಲಿನ ಒಟ್ಟು ವೇಗ; ಎಲ್ಲವೂ ಸಾವಿರದ ಲೆಕ್ಕ. ಎಸ್‌ಟಿಎಂ ಸಾಲಿನಲ್ಲಿ ಪ್ರತಿ ಮೆಟ್ಟಿಲೂ ಹಿಂದಿನದರ ನಿಖರವಾಗಿ ನಾಲ್ಕು ಪಟ್ಟು.

ಪ್ರಶ್ನೆ: ಮನೆಯ ಫೈಬರ್‌ಗೂ ಈ ಹಳೆಯ ಅಂಕಿಗಳಿಗೂ ಏನು ಸಂಬಂಧ?

ನೇರ ಸಂಬಂಧವಿದೆ. ಮನೆಮನೆಗೆ ಬರುವ ಜಿಪಾನ್ ಫೈಬರ್‌ನಲ್ಲಿ ಎಕ್ಸ್‌ಚೇಂಜಿನಿಂದ ಮನೆಯ ಕಡೆಗೆ 2,488.32 ಮೆಗಾಬಿಟ್, ಮನೆಯಿಂದ ಆ ಕಡೆಗೆ 1,244.16. ಮೊದಲನೆಯದು ಎಸ್‌ಟಿಎಂ-16ರ ಅಂಕಿಯೇ. ಜಿಪಾನ್ ಫ್ರೇಮ್ ಕೂಡ 125 ಮೈಕ್ರೋಸೆಕೆಂಡಿನದೇ. ದೂರವಾಣಿಯ ಮಾತಿಗೆಂದು ಹಿಡಿದ ತಾಳದಲ್ಲೇ ಇವತ್ತಿನ ಸಿನಿಮಾಗಳೂ ಮನೆಗೆ ಬರುತ್ತಿವೆ.

ಈ 2,488 ಒಂದು ಮನೆಗೆ ಸೇರಿದ್ದಲ್ಲ ಎಂಬುದು ನೆನಪಿರಲಿ. ಒಂದು ಎಳೆಯನ್ನು 32 ಮನೆಗೆ ಹಂಚಿದರೆ ತಲೆಗೆ 77.76 ಮೆಗಾಬಿಟ್, 64 ಮನೆಗೆ ಹಂಚಿದರೆ 38.88. ಆದರೂ ಎಲ್ಲರಿಗೂ 100ರ ಪ್ಲಾನ್ ಕೊಡಲಾಗುವುದು ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ ಎಂಬ ಅನುಭವದ ಮೇಲೆ. ಲೀಸ್ಡ್ ಲೈನಿನ 100 ಮೆಗಾಬಿಟ್ಟಿಗೆ ಹಲವು ಪಟ್ಟು ಹೆಚ್ಚು ಹಣ ಕೇಳುವುದರ ಹಿಂದೆ ಇರುವ ಮುಖ್ಯ ಕಾರಣವೂ ಇದೇ: ಅದು ಹಂಚಿಕೆಯದ್ದಲ್ಲ.

ಪ್ರಶ್ನೆ: ಲೈನ್ ಪೂರ್ತಿ ನನ್ನದೇ ಆಗಿದ್ದರೂ ಪೂರ್ತಿ ವೇಗ ಯಾಕೆ ಸಿಗುವುದಿಲ್ಲ?

ಮೂಟೆ ತೂಗುವುದು ಭತ್ತದ್ದು, ಅನ್ನವಾಗುವುದು ಅಕ್ಕಿ. ಹೊಟ್ಟಿಲ್ಲದೆ ಭತ್ತ ಇಲ್ಲ. ಈಥರ್ನೆಟ್‌ನಲ್ಲಿ ಹೊಟ್ಟಿನ ಲೆಕ್ಕ ಹೀಗಿದೆ. ಒಂದು ದೊಡ್ಡ ಪ್ಯಾಕೆಟ್ 1,500 ಬೈಟ್. ಅದರಲ್ಲಿ ಐಪಿ ತಲೆಬರಹ (ಯಾರಿಂದ ಯಾರಿಗೆ ಎಂಬ ವಿಳಾಸ) 20, ಟಿಸಿಪಿ ತಲೆಬರಹ (ತುಂಡುಗಳ ಕ್ರಮ, ತಲುಪಿದ ಲೆಕ್ಕ) 20. ಫೈಲಿನ ಭಾಗ 1,460. ಪ್ಯಾಕೆಟ್ಟಿನ ಹೊರಗೆ ಈಥರ್ನೆಟ್ ತಲೆಬರಹ 14, ತಪಾಸಣೆಗೆ 4, ಮುನ್ಸೂಚನೆಗೆ 8, ಎರಡು ಫ್ರೇಮ್‌ಗಳ ನಡುವಿನ ಬಿಡುವು 12 ಬೈಟ್. ಒಟ್ಟು 1,538. ಹಾಗಾಗಿ 1,460 ÷ 1,538 = ಶೇ 94.9. ನೂರು ಮೆಗಾಬಿಟ್ ಲೈನಿನಲ್ಲಿ ಫೈಲಿಗೆ ಸಿಗುವುದು 94.9.

ಪ್ಯಾಕೆಟ್ ಚಿಕ್ಕದಾದಷ್ಟೂ ಹೊಟ್ಟು ಹೆಚ್ಚು. ಟೆಲಿಫೋನ್ ತಂತಿಯ ಮೇಲೆ ಇಂಟರ್ನೆಟ್ ತರುತ್ತಿದ್ದ ಹಳೆಯ ಎಡಿಎಸ್‌ಎಲ್ ಲೈನ್‌ಗಳು ಎಲ್ಲವನ್ನೂ 53 ಬೈಟ್‌ನ ಎಟಿಎಂ ಸೆಲ್‌ಗಳಾಗಿ (ಬ್ಯಾಂಕಿನ ಎಟಿಎಂ ಅಲ್ಲ, ಒಂದೇ ಅಳತೆಯ ಪುಟ್ಟ ತುಂಡುಗಳು) ಕತ್ತರಿಸುತ್ತಿದ್ದವು, ಅದರಲ್ಲಿ ಸರಕು 48 ಮಾತ್ರ. ಅಲ್ಲೇ ಶೇ 9.4 ಹೋಗುತ್ತಿತ್ತು, ಐಪಿ, ಟಿಸಿಪಿ ಕಡಿತಗಳು ಅದರ ಮೇಲೆ. ಮೋಡೆಮ್ 8 ಮೆಗಾಬಿಟ್ ತೋರಿಸಿದರೂ ಸ್ಪೀಡ್ ಟೆಸ್ಟ್ 7ಕ್ಕೂ ಕೆಳಗೆ ನಿಲ್ಲುವುದು ಅದರ ಸಹಜ ಗುಣ.

ವೈಫೈ ಪರದೆಯಲ್ಲಿ ಕಾಣುವ ‘ಲಿಂಕ್ ಸ್ಪೀಡ್’ ಬಗ್ಗೆ ಒಂದೇ ಮಾತು: ಅದನ್ನು ಈ ಲೆಕ್ಕಗಳಿಗೆ ಬಳಸಬೇಡಿ. ಲೈನನ್ನು ಅಳೆಯುವುದಾದರೆ ಕೇಬಲ್ ಚುಚ್ಚಿಯೇ ಅಳೆಯಿರಿ.

ಪ್ರಶ್ನೆ: ಆಫೀಸಿನ ಪಿಆರ್‌ಐ ತೆಗೆದು ಎಸ್‌ಐಪಿ ಟ್ರಂಕ್ ಹಾಕಿಸುತ್ತಿದ್ದೇವೆ. 30 ಕರೆಗೆ 2 ಮೆಗಾಬಿಟ್ ಸಾಕಲ್ಲವೇ?

ಸಾಲದು. ಎಸ್‌ಐಪಿ ಟ್ರಂಕ್ ಎಂದರೆ ಕರೆಗಳನ್ನು ಐಪಿ ಪ್ಯಾಕೆಟ್‌ಗಳಾಗಿ ಸಾಗಿಸುವ ವ್ಯವಸ್ಥೆ. ಅದರ ಲೆಕ್ಕ ನೋಡದೆ ಲೈನ್ ಕೊಂಡು, ಸೋಮವಾರ ಬೆಳಿಗ್ಗೆ ಕರೆಗಳೆಲ್ಲ ಕತ್ತರಿಸಿ ಕತ್ತರಿಸಿ ಕೇಳುವ ಸ್ಥಿತಿಗೆ ಬಂದ ಆಫೀಸುಗಳಿವೆ.

ಇ1ನಲ್ಲಿ ಕರೆಗೆ 64 ಕಿಲೋಬಿಟ್ ಅಂದರೆ 64 ಅಷ್ಟೇ. ಯಾವ ಸ್ಲಾಟ್ ಯಾರದ್ದು ಎಂಬುದು ಜಾಗದಿಂದಲೇ ಗೊತ್ತು, ವಿಳಾಸ ಬರೆಯಬೇಕಾಗಿಲ್ಲ. ಐಪಿಯಲ್ಲಿ ಪ್ರತಿ ಪ್ಯಾಕೆಟ್ಟಿಗೂ ವಿಳಾಸ ಬೇಕು. ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಮಾತನ್ನು ಒಂದು ಪ್ಯಾಕೆಟ್ ಮಾಡುತ್ತಾರೆ, ಅಂದರೆ ಸೆಕೆಂಡಿಗೆ 50. ಕೋಡೆಕ್ ಎಂದರೆ ಮಾತನ್ನು ಬಿಟ್‌ಗಳಾಗಿ ಬದಲಿಸುವ ವಿಧಾನ. ಅದೇ 64 ಕಿಲೋಬಿಟ್‌ನ ಜಿ.711 ಕೋಡೆಕ್ಕಿನಲ್ಲಿ 20 ಮಿಲಿಸೆಕೆಂಡಿನ ಮಾತು 160 ಬೈಟ್. ಅದಕ್ಕೆ ಐಪಿ, ಯುಡಿಪಿ, ಆರ್‌ಟಿಪಿ ತಲೆಬರಹಗಳು ಸೇರಿ 40 ಬೈಟ್. 200 × 8 × 50 = 80 ಕಿಲೋಬಿಟ್. ಈಥರ್ನೆಟ್‌ನ 18 ಬೈಟ್ (ತಲೆಬರಹ 14, ತಪಾಸಣೆ 4) ಸೇರಿಸಿದರೆ 87.2. ಮೂವತ್ತು ಕರೆಗೆ 2.616 ಮೆಗಾಬಿಟ್, ಅದೂ ಒಂದೊಂದು ದಿಕ್ಕಿಗೆ. ಅದೇ ಲೈನಿನಲ್ಲಿ ಮೇಲ್, ಬ್ಯಾಕಪ್ ಓಡುತ್ತಿದ್ದರೆ 4ಕ್ಕಿಂತ ಕಡಿಮೆ ಯೋಚಿಸಬೇಡಿ, ಮಾತಿನ ಪ್ಯಾಕೆಟ್ಟಿಗೆ ಆದ್ಯತೆ ಕೊಡುವಂತೆ ರೌಟರನ್ನು ಹೊಂದಿಸಿ.

ಮಾತನ್ನು ಇನ್ನೂ ಒತ್ತಿ ಚಿಕ್ಕದು ಮಾಡುವ ಜಿ.729 ಬಳಸಿದರೆ ಉಳಿತಾಯವಿದೆ, ಆದರೆ ಕಾಗದದ ಮೇಲೆ ಕಂಡಷ್ಟಲ್ಲ. ಕೋಡೆಕ್ 8 ಕಿಲೋಬಿಟ್; 20 ಮಿಲಿಸೆಕೆಂಡಿಗೆ 20 ಬೈಟ್ ಮಾತು, ಮೇಲೆ ಅದೇ 40 ಬೈಟ್ ತಲೆಬರಹ. 60 × 8 × 50 = 24 ಕಿಲೋಬಿಟ್. ಎಂಟನೆಯ ಒಂದು ಭಾಗವಾಗಬೇಕಿದ್ದದ್ದು ಮೂರನೆಯ ಒಂದು ಭಾಗಕ್ಕೂ ತುಸು ಕಡಿಮೆಯಲ್ಲಿ ನಿಂತಿತು.

ಪ್ರಶ್ನೆ: ಬಾಡ್ ರೇಟ್ ಎಂದರೂ ಬಿಟ್ ರೇಟ್ ಎಂದರೂ ಒಂದೇ ಅಲ್ಲವೇ?

ಒಂದೇ ಆಗಿರಬಹುದು, ಆಗಿರಲೇಬೇಕೆಂದಿಲ್ಲ. ಬಾಡ್ ಎಂದರೆ ಸೆಕೆಂಡಿಗೆ ಲೈನಿನ ಮೇಲೆ ಸಂಕೇತ ಎಷ್ಟು ಸಲ ಬದಲಾಯಿತು ಎಂಬುದು; ಫ್ರಾನ್ಸಿನ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬಾಡೊ ಅವರ ಹೆಸರಿನಿಂದ ಬಂದದ್ದು. ಒಂದು ಬದಲಾವಣೆ ಎಷ್ಟು ಬಿಟ್ ಹೊರುತ್ತದೆಯೋ ಅಷ್ಟರಿಂದ ಗುಣಿಸಿದರೆ ಬಿಟ್ ವೇಗ. ವಿ.22ಬಿಸ್ ಮೋಡೆಮ್ 600 ಬಾಡ್, ತಲಾ 4 ಬಿಟ್, ಹಾಗಾಗಿ 2,400 ಬಿಟ್. ವಿ.32ಬಿಸ್ 2,400 ಬಾಡ್, ತಲಾ 6 ಬಿಟ್, 14,400.

ಡಿಶ್ ಕೂರಿಸುವವರಿಗೆ ‘ಸಿಂಬಲ್ ರೇಟ್ 27500’ ಬಾಯಿಪಾಠ. ಅದೂ ಬಾಡೇ: ಸೆಕೆಂಡಿಗೆ 27,500 ಸಾವಿರ, ಅಂದರೆ 2 ಕೋಟಿ 75 ಲಕ್ಷ ಸಂಕೇತ. ಕ್ಯುಪಿಎಸ್‌ಕೆ ಎಂಬ ವಿಧಾನದಲ್ಲಿ ಸಂಕೇತಕ್ಕೆ 2 ಬಿಟ್, 55 ಮೆಗಾಬಿಟ್ ಆಯಿತು. ಎಫ್‌ಇಸಿ (ತಪ್ಪು ತಿದ್ದಲು ಹೆಚ್ಚುವರಿ ಬಿಟ್ ಸೇರಿಸುವ ಪ್ರಮಾಣ) 3/4 ಆದರೆ ನಾಲ್ಕರಲ್ಲಿ ಮೂರು ಭಾಗ ಮಾತ್ರ ಸರಕು: 41.25. ತಪ್ಪು ತಿದ್ದಲು ಪ್ರತಿ 188 ಬೈಟ್‌ಗೆ ಇನ್ನೂ 16 ಸೇರಿಸಿ 204 ಮಾಡುತ್ತಾರೆ, 41.25 × 188 ÷ 204 = 38.01 ಮೆಗಾಬಿಟ್. ಉಪಗ್ರಹದ ಒಂದು ಟ್ರಾನ್ಸ್‌ಪಾಂಡರಿನಲ್ಲಿ (ಪ್ರಸಾರ ಘಟಕ) ಚಾನೆಲ್‌ಗಳೆಲ್ಲ ಹಂಚಿಕೊಳ್ಳಬೇಕಾದದ್ದು ಈ 38ನ್ನು.

ಸೀರಿಯಲ್ ಪೋರ್ಟಿನಲ್ಲಿ ಮಾತ್ರ 8ರ ಬದಲು 10ರಿಂದ ಭಾಗಿಸಿ. ಪ್ರತಿ ಅಕ್ಷರದ ಮೊದಲು ಒಂದು ಶುರುವಿನ ಬಿಟ್, ಆಮೇಲೆ ಒಂದು ಕೊನೆಯ ಬಿಟ್ ಇರುವುದರಿಂದ 9,600ರಲ್ಲಿ ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ.

ಪ್ರಶ್ನೆ: ಮೊಬೈಲಿನಲ್ಲಿ ದಿನದ ಒಂದೂವರೆ ಜಿಬಿ ಮುಗಿದ ಮೇಲೆ 64 ಕೆಬಿಪಿಎಸ್ ಆಗುತ್ತದೆ ಅಂತಾರೆ. ಅದರಲ್ಲಿ ಏನು ಮಾಡಬಹುದು?

ಮೇಲೆ ಹೇಳಿದ ಒಂದು ಟೆಲಿಫೋನ್ ಕರೆಯ ದಾರಿ ಅದು, ಸೆಕೆಂಡಿಗೆ 8 ಕಿಲೋಬೈಟ್. ವಾಟ್ಸ್‌ಆಪ್ ಅಕ್ಷರ ಸಂದೇಶ ಹೋಗುತ್ತದೆ. 3 ಮೆಗಾಬೈಟ್ ಫೋಟೋಗೆ ಕನಿಷ್ಠ 375 ಸೆಕೆಂಡ್, ಆರು ನಿಮಿಷದ ಮೇಲೆ. ಈಗಿನ ಜಾಲತಾಣಗಳು ತೆರೆದುಕೊಳ್ಳುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ. ಆನ್‌ಲೈನ್ ಪಾಠ ಕೇಳುವ ಮಕ್ಕಳಿರುವ ಮನೆಗೆ ಇದನ್ನು ‘ಅನ್‌ಲಿಮಿಟೆಡ್’ ಎಂದು ಮಾರುವುದು ನನಗೆ ಸರಿ ಕಾಣುವುದಿಲ್ಲ.

ತಿರುಗಿಸಿ ನೋಡಿದರೆ: 1.5 ಗಿಗಾಬೈಟ್ ಎಂದರೆ 12,000 ಮೆಗಾಬಿಟ್. 40 ಮೆಗಾಬಿಟ್ ವೇಗದಲ್ಲಿ 300 ಸೆಕೆಂಡ್, ಐದೇ ನಿಮಿಷಕ್ಕೆ ಖಾಲಿ. ದಿನದ 86,400 ಸೆಕೆಂಡಿಗೂ ಸಮನಾಗಿ ಹರಡಿದರೆ 139 ಕಿಲೋಬಿಟ್ ಸರಾಸರಿ. ವೇಗ ಬೇರೆ, ಒಟ್ಟು ಮೊತ್ತ ಬೇರೆ. ಪ್ಲಾನ್ ಆರಿಸುವಾಗ ಎರಡನ್ನೂ ನೋಡಿ.

ಪ್ರಶ್ನೆ: ಫೈಬರ್ ಪ್ಲಾನ್‌ನ 3.3 ಟಿಬಿ ಮಿತಿಯನ್ನು ವೇಗಕ್ಕೆ ಹೇಗೆ ಬದಲಿಸುವುದು?

ಒಂದು ಅಂಕಿ ನೆನಪಿಟ್ಟುಕೊಳ್ಳಿ: 1 ಮೆಗಾಬಿಟ್ 30 ದಿನ ಬಿಡದೆ ಹರಿದರೆ 324 ಗಿಗಾಬೈಟ್. 30 ದಿನಕ್ಕೆ 25,92,000 ಸೆಕೆಂಡ್, ಅದನ್ನು 8ರಿಂದ ಭಾಗಿಸಿದರೆ 3,24,000 ಮೆಗಾಬೈಟ್. ಹಾಗಾದರೆ 3,300 ÷ 324 = 10.2. ಪ್ಲಾನ್ 100ರದ್ದಾಗಲಿ 300ರದ್ದಾಗಲಿ, ತಿಂಗಳ ಸರಾಸರಿ ಹತ್ತು ಮೆಗಾಬಿಟ್ ಚಿಲ್ಲರೆ. ಒಂದು ಮನೆಗೆ ಇದು ಬೇಕಾದಷ್ಟು. ಸಿಸಿಟಿವಿ ಚಿತ್ರಗಳನ್ನು ಹಗಲೂ ರಾತ್ರಿ ಕ್ಲೌಡಿಗೆ ಕಳಿಸುವ ಅಂಗಡಿಯವರು ಮಾತ್ರ ಲೆಕ್ಕ ಹಾಕಿಕೊಳ್ಳಬೇಕು: 2 ಮೆಗಾಬಿಟ್‌ನ ನಾಲ್ಕು ಕ್ಯಾಮೆರಾ ತಿಂಗಳಿಗೆ 2,592 ಗಿಗಾಬೈಟ್ ತಿನ್ನುತ್ತವೆ.

ಪ್ರಶ್ನೆ: ಸರ್ಕಾರದ ಲೆಕ್ಕದಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಎಷ್ಟು?

ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಕನಿಷ್ಠ 256 ಕಿಲೋಬಿಟ್, 2013ರಲ್ಲಿ 512, 2023ರ ಜನವರಿಯಿಂದ 2 ಮೆಗಾಬಿಟ್. ಬೈಟ್‌ನಲ್ಲಿ ಹೇಳಿದರೆ 32 ಕಿಲೋಬೈಟ್, 64 ಕಿಲೋಬೈಟ್, 250 ಕಿಲೋಬೈಟ್.

ಪ್ರಶ್ನೆ: 700 ಎಂಬಿ ಫೈಲ್ 50 ಮೆಗಾಬಿಟ್ ಲೈನಿನಲ್ಲಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ?

ವಿಂಡೋಸ್ 700 ತೋರಿಸಿದರೆ ಅದು 700 × 10,48,576 = 73,40,03,200 ಬೈಟ್. 8ರಿಂದ ಗುಣಿಸಿದರೆ 5,872 ಮೆಗಾಬಿಟ್. 50ರಿಂದ ಭಾಗಿಸಿದರೆ 117 ಸೆಕೆಂಡ್. ಫೈಲಿಗೆ ಸಿಗುವುದು ಶೇ 94.9 ಮಾತ್ರ, ಆದ್ದರಿಂದ ಸುಮಾರು 124 ಸೆಕೆಂಡ್. 1024ರ ಲೆಕ್ಕವನ್ನೂ ತಲೆಬರಹಗಳನ್ನೂ ಬಿಟ್ಟು 700 × 8 ÷ 50 ಮಾಡಿದ್ದರೆ 112 ಬರುತ್ತಿತ್ತು. ಒಂದು ಫೈಲಿಗೆ 12 ಸೆಕೆಂಡ್ ಏನೂ ಅಲ್ಲ. ರಾತ್ರಿ ಎಂಟು ಗಂಟೆಯಲ್ಲಿ ಮುಗಿಯಲೇಬೇಕಾದ ಬ್ಯಾಂಕಿನ ಬ್ಯಾಕಪ್ಪಿಗೆ ಅದೇ ಶೇ 10 ಎಂದರೆ ಮುಕ್ಕಾಲು ಗಂಟೆಗೂ ಹೆಚ್ಚು.

ಪ್ರಶ್ನೆ: 100 ಮೆಗಾಬಿಟ್ ಲೀಸ್ಡ್ ಲೈನ್ ಇದೆ. ಅಮೆರಿಕದ ಸರ್ವರಿನಿಂದ ಒಂದು ಫೈಲ್ ಎಳೆದರೆ 2 ಮೆಗಾಬಿಟ್ ದಾಟುವುದಿಲ್ಲ. ಲೈನ್ ಕೆಟ್ಟಿದೆಯಾ?

ಲೈನ್ ಚೆನ್ನಾಗಿಯೇ ಇರಬಹುದು. ಟಿಸಿಪಿ ಒಂದಷ್ಟು ಕಳಿಸಿ, ಬಂತು ಎಂಬ ಉತ್ತರಕ್ಕೆ ಕಾಯುತ್ತದೆ. ಹಳೆಯ ಮಿತಿಯಲ್ಲಿ ಒಮ್ಮೆಗೆ ಕಳಿಸಬಹುದಾದದ್ದು 65,535 ಬೈಟ್. ಹೋಗಿಬರಲು 250 ಮಿಲಿಸೆಕೆಂಡ್ ಹಿಡಿದರೆ ಸೆಕೆಂಡಿಗೆ ನಾಲ್ಕೇ ಸರದಿ: 65,535 × 8 × 4 = 20,97,120 ಬಿಟ್. ಅಲ್ಲಿಗೆ 2.1 ಮೆಗಾಬಿಟ್. ಲೈನ್ 1,000ದ್ದಾದರೂ ಇಷ್ಟೇ. ನೂರನ್ನು ತುಂಬಬೇಕಾದರೆ 100 × 0.25 = 25 ಮೆಗಾಬಿಟ್, ಅಂದರೆ 3.125 ಮೆಗಾಬೈಟ್ ದಾರಿಯಲ್ಲಿರಬೇಕು. ಅದಕ್ಕೆ ಬೇಕಾದ, ಆ ಹಳೆಯ ಮಿತಿಯನ್ನು ಹಿಗ್ಗಿಸುವ ವಿಂಡೋ ಸ್ಕೇಲಿಂಗ್ 1992ರಿಂದಲೇ ಇದೆ. ಎರಡೂ ತುದಿಯಲ್ಲಿ ಅದು ಚಾಲೂ ಇದೆಯೇ, ನಡುವಿನ ಫೈರ್‌ವಾಲ್ ಅದನ್ನು ಅಳಿಸುತ್ತಿದೆಯೇ ನೋಡಿ. ಹತ್ತು ಫೈಲ್ ಒಟ್ಟಿಗೆ ಎಳೆದಾಗ ಒಟ್ಟು ವೇಗ ಏರಿದರೆ ರೋಗ ಇದೇ.

ಪ್ರಶ್ನೆ: ಗ್ರಾಫಿನಲ್ಲಿ ನಮ್ಮ 1 ಗಿಗಾಬಿಟ್ ಲೈನ್ ಅರ್ಧಂಬರ್ಧ ತೋರಿಸುತ್ತಿದೆ. ಯಾಕಿರಬಹುದು?

ಮೊದಲು ಗ್ರಾಫ್ ಬೈಟ್‌ನದ್ದೋ ಬಿಟ್‌ನದ್ದೋ ನೋಡಿ. ಲೈನಿನ ಬಳಕೆಯ ಗ್ರಾಫ್ ಬಿಡಿಸುವ ಎಂಆರ್‌ಟಿಜಿಯಂಥ ಸಾಧನಗಳು ತಾವಾಗಿಯೇ ಬೈಟ್ ತೋರಿಸುತ್ತವೆ, ಬಿಟ್ ಬೇಕೆಂದರೆ ಹೇಳಬೇಕು. ಅದು ಸರಿಯಿದ್ದರೆ ಕೌಂಟರ್ ನೋಡಿ. ರೌಟರಿನ ಹಳೆಯ 32 ಬಿಟ್ ಕೌಂಟರ್ 4,29,49,67,296 ಬೈಟ್ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 100 ಮೆಗಾಬಿಟ್‌ನಲ್ಲಿ ಅದಕ್ಕೆ 343 ಸೆಕೆಂಡ್ ಬೇಕು, ಐದು ನಿಮಿಷಕ್ಕೊಮ್ಮೆ ಓದುವವರು ಬಚಾವ್. 1 ಗಿಗಾಬಿಟ್‌ನಲ್ಲಿ 34 ಸೆಕೆಂಡಿಗೇ ತಿರುಗುತ್ತದೆ. ಐದು ನಿಮಿಷದಲ್ಲಿ ಎಷ್ಟು ಸುತ್ತು ಬಂತೆಂದು ಯಾರಿಗೂ ತಿಳಿಯುವುದಿಲ್ಲ. 64 ಬಿಟ್ ಕೌಂಟರಿಗೆ ಬದಲಿಸಿ.

95ನೇ ಪರ್ಸೆಂಟೈಲ್ ಮೇಲೆ (ಅತಿ ಹೆಚ್ಚಿನ ಶೇ 5 ಅಳತೆಗಳನ್ನು ಬಿಟ್ಟು) ಬಿಲ್ ಆಗುವ ಲೈನಾದರೆ ಇದು ನೇರ ಹಣದ ಮಾತು. 30 ದಿನದಲ್ಲಿ ಐದು ನಿಮಿಷದ 8,640 ಅಳತೆಗಳು. ಅತಿ ಹೆಚ್ಚಿನ 432ನ್ನು, ಅಂದರೆ 36 ಗಂಟೆಗಳಷ್ಟನ್ನು, ಬದಿಗಿಟ್ಟು ಮುಂದಿನದಕ್ಕೆ ಬಿಲ್ ಹಾಕುತ್ತಾರೆ. ನಿಮ್ಮ ಗ್ರಾಫೂ ಅವರದೂ ಒಂದೇ ಮಾನದಲ್ಲಿದ್ದರೆ ಮಾತ್ರ ತಾಳೆ ನೋಡಬಹುದು.

ಪ್ರಶ್ನೆ: ಹೋಗುವ 2 ಮೆಗಾಬಿಟ್, ಬರುವ 2 ಮೆಗಾಬಿಟ್ ಕೂಡಿಸಿ 4 ಎನ್ನಬಹುದೇ?

ಬೇಡ. ಇ1, ಎಸ್‌ಟಿಎಂ, ಈಥರ್ನೆಟ್ ಎಲ್ಲದರಲ್ಲೂ ಹೇಳುವ ವೇಗ ಒಂದು ದಿಕ್ಕಿನದು, ಎರಡೂ ಕಡೆ ಅಷ್ಟಷ್ಟೇ ಇರುತ್ತದೆ. ಮನೆಯ ಪ್ಲಾನ್‌ಗಳಲ್ಲಿ ಎರಡು ದಿಕ್ಕಿಗೂ ಬೇರೆ ಬೇರೆ ವೇಗವಿರಬಹುದು, ಕೇಳಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿಗೆ ಲೈನ್ ಕೊಳ್ಳುವ ಆರ್ಡರ್ ಬರೆಯಬೇಕು. ವೇಗವನ್ನು ಹೇಗೆ ಬರೆದರೆ ಮುಂದೆ ಜಗಳವಾಗುವುದಿಲ್ಲ?

‘100 ಎಂಬಿ ಲೈನ್’ ಎಂದು ಬರೆಯಬೇಡಿ. ‘ಪ್ರತಿ ದಿಕ್ಕಿಗೂ ಸೆಕೆಂಡಿಗೆ 100 ಮೆಗಾಬಿಟ್, ಅಂದರೆ 10,00,00,000 ಬಿಟ್, ಬೇರೆಯವರೊಂದಿಗೆ ಹಂಚಿಕೆಯಿಲ್ಲದೆ’ ಎಂದು ಬರೆಯಿರಿ. ಈ ವೇಗ ಈಥರ್ನೆಟ್ ಮಟ್ಟದ್ದೋ ಐಪಿ ಮಟ್ಟದ್ದೋ ಎಂಬುದನ್ನು ಸೇರಿಸಿ. 64 ಬೈಟ್‌ನ ಚಿಕ್ಕ ಫ್ರೇಮ್‌ಗಳಲ್ಲಿ ತಂತಿಯ ನೂರರಲ್ಲಿ 76 ಮಾತ್ರ ಫ್ರೇಮಿಗೆ ಸಿಗುತ್ತದೆ, ಹಾಗಾಗಿ ಯಾವ ಅಳತೆಯ ಫ್ರೇಮಿನಲ್ಲಿ ಪರೀಕ್ಷೆ ಎಂಬುದೂ ಅಲ್ಲಿರಲಿ. ಲೈನ್ ಒಪ್ಪಿಸುವ ದಿನ ಆರ್‌ಎಫ್‌ಸಿ 2544 (ವೇಗ ಅಳೆಯುವ ಒಂದು ನಿಗದಿತ ವಿಧಾನ) ಪರೀಕ್ಷೆಯ ವರದಿಯನ್ನು 64ರಿಂದ 1,518 ಬೈಟ್‌ವರೆಗಿನ ಎಲ್ಲ ಅಳತೆಗಳಿಗೂ ಕೊಡಬೇಕೆಂದು ಷರತ್ತು ಹಾಕಿ. ಆ ವರದಿ ಕೈಗೆ ಬಂದ ಮೇಲೆಯೇ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ, ಬಾಡಿಗೆಯ ದಿನವೂ ಆ ತಾರೀಖಿನಿಂದಲೇ ಶುರುವಾಗುವಂತೆ ಬರೆಯಿರಿ.